ತೊಂಬತ್ತೊಂಬತ್ತು ಸಾಕಂತೆ

ಮನೆಯಿಂದ, ಹೊಲಿಗೆ ಮಿಷನ್ನಿನ ಪಕ್ಕ ಕೂತು
ಭಾನುವಾರ, ಜುಲೈ ೫

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡಿದ್ದೆಯಲ್ಲ, ವಾಸಿಯಾಯಿತೇ? ಇಲ್ಲಿ ಎಲ್ಲವೂ ಕ್ಷೇಮ, ನನ್ನ ತಲೆಯೊಂದನ್ನು ಬಿಟ್ಟು. ಅದನ್ನು ಅಪ್ಪ ತಿಂದು ಮುಗಿಸಿದ್ದಾರೆ.

ಮುಂದಿನ ತಿಂಗಳು ಖಗ್ರಾಸ ಸೂರ್ಯಗ್ರಹಣ ನೋಡಲು ಹೊರದೇಶಕ್ಕೆ ಹೊರಟಿದ್ದೇವಲ್ಲ, ಅದರದೇ ರಗಳೆ. ಹಗಲಲ್ಲಿ ನಕ್ಷತ್ರ ನೋಡಬೇಕೆಂಬುದು ನನ್ನ ಚಿಕ್ಕಂದಿನ ಆಸೆ. ಅಪ್ಪ ಮನೆಯಲ್ಲೇ ತೋರಿಸುತ್ತಿದ್ದಾರೆ. ಪೂರ್ತಿ ಗ್ರಹಣ ಕಾಣುವ ಬೆಟ್ಟದೂರು ಹುಡುಕಿ, ಕೋಣೆ ಕಾದಿರಿಸಿ, ಆಸ್ಪತ್ರೆಯಲ್ಲಿ ಹಿರಿಯ ನರ್ಸಮ್ಮನ ಕೈಕಾಲು ಹಿಡಿದು ರಜೆ ಗಿಟ್ಟಿಸಿದೆ. ಅಪ್ಪನದು ಒಂದೇ ಪಟ್ಟು: "ಬೆಟ್ಟ ಬೇಡ, ಬಂದರಿನ ಊರಿಗೇ ಹೋಗೋಣ." ಅಲ್ಲಿ ಸೂರ್ಯ ಮುಚ್ಚುವುದು ನೂರಕ್ಕೆ ತೊಂಬತ್ತೊಂಬತ್ತು ಪಾಲು, ಕತ್ತಲೇ ಆಗುವುದಿಲ್ಲ ಎಂದು ಬಡಕೊಂಡೆ. "ತೊಂಬತ್ತೊಂಬತ್ತು ಸಾಕು ಬಿಡೇ, ಯಾರು ಅಳೀತಾರೆ?" ಅಂದರು. ಹೇಳಿದ್ದು ಯಾರು ನೋಡು! ನೂಲೆಳೆಯಷ್ಟು ಸೊಟ್ಟಗಿದ್ದರೂ ಇಡೀ ತೋಳು ಬಿಚ್ಚಿಸುವ ದರ್ಜಿ! ಆ ಕಾಟಕ್ಕೇ ತಾನೆ ನೀನು ಅಂಗಡಿ ಬಿಟ್ಟು ಹಡಗು ಹತ್ತಿದ್ದು, ಇಬ್ಬರೂ ಮಾತು ಬಿಟ್ಟಿದ್ದು?

ವೀಸಾ ಕಚೇರಿಯಲ್ಲಂತೂ ಮಾನ ಹೋಯಿತು. ಯಾಕೆ ಹೋಗುತ್ತೀರಿ ಎಂದು ಅಧಿಕಾರಿ ಕೇಳಿದರೆ, ಅಪ್ಪ ಗಂಭೀರವಾಗಿ "ಅಳತೆ ತಗೊಳ್ಳೋಕೆ" ಅಂದುಬಿಡಬೇಕೇ! ಆತ ಬಂದರನ್ನೇ ಅಳೆಯುತ್ತಾರೇನೋ ಎಂದು ಪಾಸ್‌ಪೋರ್ಟ್ ಪಕ್ಕಕ್ಕಿಟ್ಟ. "ಗ್ರಹಣ ಸ್ವಾಮಿ, ಗ್ರಹಣ!" ಎಂದು ಗೋಗರೆದೆ. ದಾರಿಯುದ್ದಕ್ಕೂ ಬೈದೆ. ಅಂತೂ ಇಂತೂ ನಿನ್ನೆ ವೀಸಾ ಬಂತು. ನನಗೆ ಸಂತೋಷಪಡುವಷ್ಟು ತ್ರಾಣ ಉಳಿದಿಲ್ಲ ಮಾರಾಯ.

ಊರಿಗೆಲ್ಲ ಬಡಿಸಿ ನೀನು ಉಪವಾಸ ಮಲಗಬೇಡ. ಬಿಸಿಯಿರುವಾಗಲೇ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಸಿಡುಕಿ ಅಕ್ಕ

ತಡೆ, ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಹೊರಡಲು ತಿಂಗಳಿದ್ದರೂ ಅಪ್ಪ ಪೆಟ್ಟಿಗೆ ತುಂಬಿಸಿಟ್ಟಿದ್ದಾರೆ. ಗೊಣಗುತ್ತಲೇ ತೆಗೆದು ನೋಡಿದೆ. ಒಳಗೆ ಅಳತೆ ಟೇಪು, ಕಚ್ಚಾ ಹೊಲಿಗೆ ಹಾಕಿದ ಗಂಡಸರ ಕೋಟು. ಯಾರದು ಎಂದು ಕೇಳಿದರೆ, "ಹಡಗಲ್ಲಿ ದುಡಿದು ಭುಜ ಅಗಲ ಆಗಿರುತ್ತೆ, ನೋಡದೆ ಹೇಗೇ ಹೊಲೀಲಿ?" ಅಂದರು. ನಿನ್ನ ಹಡಗು ಆಗ ಅದೇ ಬಂದರಿನಲ್ಲಿರುತ್ತದೆಂದು ಹೋದ ಕಾಗದದಲ್ಲಿ ನೀನೇ ಬರೆದಿದ್ದೆ. ಓದಿದ ನಾನು ಮರೆತೆ. ಓದಿಯೇ ಇಲ್ಲವೆನ್ನುವ ಅಪ್ಪ ಮರೆತಿಲ್ಲ. ಬೆಟ್ಟದ ಕೋಣೆ ಬಿಟ್ಟುಕೊಟ್ಟೆ ಕಣೋ. ಹೊಟ್ಟೆ ಉರಿಯುತ್ತಿದೆ. ಅದಕ್ಕಾದರೂ ಇಳಿದು ಬಾ. ಮಾತಾಡದಿದ್ದರೂ ಪರವಾಗಿಲ್ಲ, ಕೈ ಚಾಚಿ ನಿಂತುಕೋ, ಸಾಕು.