ಸಾಲಿನಲ್ಲಿ ನಿಂತಿರುವ ನನ್ನ ಗಂಡನ ಮೇಲ್‌ಗಳನ್ನು ಅಳಿಸಬೇಡಿ

ನದಿ ಮಾಪನ ಇಲಾಖೆಯ ಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿರುವ ಮಾನ್ಯರೇ,

ಸರ್ವರ್ ನಿಧಾನವಾಗಿದೆ, ಆದ್ದರಿಂದ ತಲುಪದೆ ಉಳಿದ ಮೇಲ್‌ಗಳನ್ನೆಲ್ಲ ಬರುವ ಸೋಮವಾರ ಅಳಿಸಲಾಗುವುದು ಎಂದು ನೀವು ಸೂಚನೆ ಹೊರಡಿಸಿದ್ದೀರಿ. ಹಾಗೆ ಉಳಿದವುಗಳಲ್ಲಿ ನನ್ನ ಗಂಡ ಬರೆದವೂ ಇವೆ. ಅವರು ತೀರಿಕೊಂಡು ಎರಡು ತಿಂಗಳಾಗುತ್ತ ಬಂತು, ಮೇಲ್‌ಗಳು ಮಾತ್ರ ಇನ್ನೂ ಬರುತ್ತಿವೆ. ಹೋದ ವಾರವೂ ಒಂದು ಬಂತು. ಉಳಿದವನ್ನು ಅಳಿಸಬೇಡಿ ಎಂದು ಕೇಳುವುದಕ್ಕೇ ಈ ಪತ್ರ. ನಿಮಗೆ ನೇರವಾಗಿ ಮೇಲ್ ಮಾಡಬಹುದಿತ್ತು. ಆದರೆ ಅದು ಯಾವ ಕಾಲಕ್ಕೆ ನಿಮ್ಮನ್ನು ತಲುಪೀತು ಎಂಬ ಅನುಭವ ನನಗಿರುವುದರಿಂದ ಪತ್ರಿಕೆಗೆ ಕೊಡುತ್ತಿದ್ದೇನೆ.

ನನ್ನ ಗಂಡ ನದಿಯ ಮೇಲ್ಭಾಗದ ಠಾಣೆಯಲ್ಲಿ ನೀರಿನ ಮಟ್ಟ ನೋಡುವ ಕೆಲಸದಲ್ಲಿದ್ದರು. ಅಲ್ಲಿಗೆ ಫೋನ್ ಸಿಗುವುದಿಲ್ಲ, ಇಲಾಖೆಯ ಮೇಲ್ ಒಂದೇ ದಾರಿ. ಎಲ್ಲ ಠಾಣೆಗಳ ಅಳತೆ, ದೂರು, ಕೋರಿಕೆ, ಕೊನೆಗೆ ಹೆಂಡತಿಗೆ ಬರೆಯುವ ಎರಡು ಸಾಲು ಕೂಡ ನಿಮ್ಮ ಒಂದೇ ವಿಳಾಸಕ್ಕೆ ಹೋಗಬೇಕು. ಮನೆಯವರಿಗೆ ಬಂದದ್ದನ್ನು ನಿಮ್ಮ ಗುಮಾಸ್ತರು ನಮಗೆ ರವಾನಿಸುತ್ತಾರೆ. ಆ ವಿಳಾಸದ ಮೇಲ್ ಪೆಟ್ಟಿಗೆಯಿಂದ ಏನನ್ನೂ ತೆಗೆಯಬಾರದೆಂದು ನಿಮ್ಮದೇ ಆದೇಶವಿದೆಯಂತೆ. ಇಷ್ಟು ವರ್ಷಗಳಿಂದ ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ನೀರಿನೊಳಗಿನ ಅಳತೆಗಂಬದ ಹತ್ತಿರ ಹೋಗಲು ಒಂದು ಕಬ್ಬಿಣದ ಕಾಲುಸೇತುವೆಯಿದೆ. ಅದರ ಪಕ್ಕದ ಹಿಡಿಗಂಬಿ ಅಲುಗಾಡುತ್ತಿದೆ, ರಿಪೇರಿಯಾಗುವವರೆಗೆ ದಡದಿಂದಲೇ ಅಳತೆ ನೋಡಲು ಅನುಮತಿ ಕೊಡಿ ಎಂದು ಅವರು ಬರೆದರು. ಲಿಖಿತ ಅನುಮತಿಯಿಲ್ಲದೆ ಜಾಗ ಬದಲಿಸಿದರೆ ಆ ಅಳತೆಯನ್ನು ನೀವು ಒಪ್ಪುವುದಿಲ್ಲವಲ್ಲ? ಉತ್ತರಕ್ಕೆ ಕಾದರು. ನೀರು ಏರತೊಡಗಿತು. ಕೆಳಗಿನ ಊರುಗಳಿಗೆ ಅಳತೆ ಬೇಕಿತ್ತು, ಸೇತುವೆಯ ಮೇಲೆ ಹೋದರು. ಹಿಡಿಗಂಬಿ ಕಳಚಿಕೊಂಡಿತು.

ಅವರ ಅಂತ್ಯಕ್ರಿಯೆ ಮುಗಿದ ಮೇಲೆ ನಿಮ್ಮ ಉತ್ತರ ಮನೆಗೆ ಬಂತು. ಕೋರಿಕೆಯನ್ನು ಪರಿಶೀಲಿಸಿ ಅನುಮತಿ ನೀಡಲಾಗಿದೆ, ಕರ್ತವ್ಯದ ವೇಳೆ ಸುರಕ್ಷತೆಯ ಕಡೆ ಗಮನವಿರಲಿ ಎಂದಿತ್ತು. ಬಹಳ ಉಪಕಾರವಾಯಿತು, ಮಾನ್ಯರೇ. ಅದನ್ನು ಅವರಿಗೆ ತಿಳಿಸುವುದು ಹೇಗೆಂದು ಮಾತ್ರ ನೀವು ಬರೆದಿರಲಿಲ್ಲ.

ಇದು ಹೇಗಾಯಿತೆಂದು ನನಗೆ ಬಿಡಿಸಿ ಹೇಳಿದವಳು ನನ್ನ ನಾದಿನಿ. ಅವಳು ಬೇರೊಂದು ಕಚೇರಿಯಲ್ಲಿ ಇದೇ ಬಗೆಯ ಸರ್ವರ್ ನೋಡಿಕೊಳ್ಳುತ್ತಾಳೆ. "ಅತ್ತಿಗೆ, ಬಂದ ಮೇಲ್‌ಗಳನ್ನೆಲ್ಲ ಒಂದೇ ಫೈಲಿಗೆ ಒಂದರ ಬಾಲಕ್ಕೊಂದು ಅಂಟಿಸ್ತಾ ಹೋಗಿದ್ದಾರೆ," ಎಂದಳು. "ಯಾರಾದ್ರೂ ಅದನ್ನ ತೆರೆದ್ರೆ ಫೈಲಿಗೆ ಬೀಗ ಬೀಳುತ್ತೆ. ಬೀಗ ತೆಗೆಯೋವರೆಗೆ ಹೊಸದು ಒಳಗೆ ಹೋಗಲ್ಲ. ಅಣ್ಣನ ಮೇಲ್ ಬಾಗಿಲಲ್ಲೇ ನಿಂತಿತ್ತು." ನಾನು ಪುಸ್ತಕಕ್ಕೆ ರಟ್ಟು ಕಟ್ಟುವವಳು, ಆದ್ದರಿಂದ ತಟ್ಟನೆ ತಿಳಿಯಿತು. ಹೊಲಿದು ಕಟ್ಟಿದ ಪುಸ್ತಕದ ನಡುವಿನ ಒಂದು ಹಾಳೆ ಬದಲಿಸಬೇಕಾದರೆ ಹೊಲಿಗೆಯನ್ನೆಲ್ಲ ಬಿಚ್ಚಬೇಕು. ನಿಮ್ಮಲ್ಲಿಯೂ ಯಾರೋ ಒಂದು ಮೇಲ್ ಓದಿದರೆಂದು ಗುರುತು ಹಾಕಲು ಆ ದೈತ್ಯ ಫೈಲನ್ನೆಲ್ಲ ಮತ್ತೆ ಬರೆಯಬೇಕಾಗುತ್ತದಂತೆ. ಕಚೇರಿಯ ಪ್ರತಿ ಮೇಜಿನ ಕಂಪ್ಯೂಟರೂ ಹೊಸದೇನಾದರೂ ಬಂತೇ ಎಂದು ಅದನ್ನು ಆಗಾಗ ತೆರೆಯುತ್ತಲೇ ಇರುತ್ತದೆ. ಹೊಸದು ಬಂತೇ ಎಂಬ ಆ ವಿಚಾರಣೆಯೇ ಹೊಸದು ಬಾರದಂತೆ ತಡೆಯುತ್ತದೆ. ಒಂದೇ ಫೈಲಿನ ಪದ್ಧತಿ ಕೆಟ್ಟದ್ದೆಂದು ನಾದಿನಿ ಹೇಳಲಿಲ್ಲ. ಒಬ್ಬರೇ ಓದುವ ಸಣ್ಣ ಪೆಟ್ಟಿಗೆಗೆ ಅದು ಸಾಕು, ಹುಡುಕುವುದಕ್ಕೂ ಸಲೀಸು. ಹತ್ತಾರು ಜನ ಕೈಹಾಕುವ ಕಡೆ ಒಂದೊಂದು ಮೇಲನ್ನೂ ಒಂದೊಂದು ಫೈಲಾಗಿ ಇಟ್ಟರೆ ಯಾರೂ ಯಾರಿಗೂ ಕಾಯಬೇಕಿಲ್ಲ. ಲಕ್ಷಗಟ್ಟಲೆ ಸಣ್ಣ ಫೈಲುಗಳನ್ನು ಸಂಭಾಳಿಸುವ ತಾಪತ್ರಯ ಅದಕ್ಕೂ ಇದೆ. ಆ ತಾಪತ್ರಯ ನಿಮ್ಮದಾಗುತ್ತಿತ್ತು, ನನ್ನ ಗಂಡನದಾಗುತ್ತಿರಲಿಲ್ಲ.

ಹೋಗಲಿ, ತಲುಪಿಲ್ಲ ಎಂದಾದರೂ ಬರೆದವರಿಗೆ ತಿಳಿಯಬೇಡವೇ? ಅಂಥ ಸೂಚನೆ ಹೋಗುತ್ತಿತ್ತಂತೆ. ದೂರುಗಳು ಹೆಚ್ಚಾದವೆಂದು ನೀವೇ ಅದನ್ನು ನಿಲ್ಲಿಸಿದ್ದೀರಂತೆ. ಈಗ ಸರ್ವರ್ ತಲುಪದ ಮೇಲ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು ಸದ್ದಿಲ್ಲದೆ ಮತ್ತೆ ಮತ್ತೆ ಯತ್ನಿಸುತ್ತದೆ, ಸೋತಷ್ಟೂ ಹೆಚ್ಚು ಹೊತ್ತು ಬಿಟ್ಟು ಯತ್ನಿಸುತ್ತದೆ. ಯಾವುದರ ಪಾಳಿಗೆ ಬೀಗ ತೆರೆದಿರುತ್ತದೋ ಅದು ಒಳಗೆ ಹೋಗುತ್ತದೆ.

ಹೀಗಾಗಿ ನನ್ನ ಗಂಡ ಹಿಂದುಮುಂದಾಗಿ ಮನೆಗೆ ಬರುತ್ತಿದ್ದಾರೆ. ಜ್ವರ ಬಿಟ್ಟಿತು ಎಂದು ಮೊದಲು ಬರೆದರು, ಆಮೇಲೆ ಜ್ವರ ಬಂದಿದೆ ಎಂದರು. ಚಳಿ ಶುರುವಾಗಿದೆ, ಕಂದು ಸ್ವೆಟರ್ ಕಳಿಸು ಎಂದು ಇನ್ನೊಂದು ಬಂತು. ನಾನು ಬೀರುವಿನಿಂದ ಸ್ವೆಟರ್ ತೆಗೆದು, ಮಡಿಸಿ, ಕಟ್ಟಲು ದಾರ ಹುಡುಕುತ್ತಿದ್ದೆ. ದಾರ ಕೈಗೆ ಸಿಕ್ಕ ಮೇಲೆ ನೆನಪಾಯಿತು. ನನ್ನ ಅತ್ತೆ ಮಗನ ಮುಖವನ್ನು ಕೊನೆಯ ಬಾರಿ ತಾವೇ ಒರೆಸಿದವರು. ಈಗ ಅವರು ನಂಬುವುದಿಲ್ಲ. "ಅವನು ಬರೀತಾನೇ ಇದ್ದಾನಲ್ಲ, ಮತ್ಯಾಕೆ ಅಳ್ತೀಯಾ?" ಎಂದು ನನ್ನನ್ನೇ ಗದರುತ್ತಾರೆ. ಅವರಿಗೆ ಏನೆಂದು ಹೇಳಲಿ? ಮೇಲ್ ಬಂದ ಸದ್ದಾದರೆ ನನಗೆ ಹೆದರಿಕೆಯಾಗುತ್ತದೆ, ಬಾರದಿದ್ದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ. ಸಾಲು ಖಾಲಿಯಾದ ದಿನ ಅವರು ನಿಜವಾಗಿ ಹೋಗುತ್ತಾರೆ. ಆ ದಿನ ಬರಲಿ, ಬೇಡವೆನ್ನುವುದಿಲ್ಲ. ಅದನ್ನು ಸೋಮವಾರವೆಂದು ಗೊತ್ತುಮಾಡಲು ನೀವು ಯಾರು?

ಇಷ್ಟೇ ಆಗಿದ್ದರೆ ನನ್ನ ಸಂಕಟ ನನಗಿರಲಿ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಮೊನ್ನೆ ಒಬ್ಬ ಹೆಣ್ಣುಮಗಳು ನನ್ನ ನಂಬರ್ ಹುಡುಕಿಕೊಂಡು ಫೋನ್ ಮಾಡಿದರು. ಅದೇ ಠಾಣೆಗೆ ಹೊಸದಾಗಿ ಹೋದವರ ಹೆಂಡತಿ. "ಅಕ್ಕಾ, ನಮ್ಮನೆಯವರಿಂದ ಏನೂ ಸುದ್ದಿನೇ ಇಲ್ಲ. ನಿಮಗೂ ಹೀಗೇ ಆಗ್ತಿತ್ತಾ?" ಎಂದು ಕೇಳಿದರು. ಫೋನ್ ಇಟ್ಟವಳೇ ನಾದಿನಿಗೆ ಹೇಳಿದೆ. ಅವಳು ನಿಮ್ಮ ಕಚೇರಿಯ ಒಬ್ಬರನ್ನು ಕಾಡಿ ಬೇಡಿ ಸಾಲನ್ನು ನೋಡಿಸಿದಳು. ಕಳಿಸಿದವರು ಯಾರೆಂಬುದಷ್ಟೇ ಅಲ್ಲಿ ಕಾಣುತ್ತದೆ, ಒಳಗೇನಿದೆ ಎಂಬುದು ಕಾಣುವುದಿಲ್ಲ. ಆ ಹೊಸಬರು ಬರೆದವು ಅಲ್ಲಿವೆ, ನನ್ನ ಗಂಡನ ಮೇಲ್‌ಗಳ ಜೊತೆಯಲ್ಲೇ ನಿಂತಿವೆ. ಸೇತುವೆಗೆ ಹೊಸ ಹಿಡಿಗಂಬಿ ಹಾಕಿದ್ದೀರೋ, ಹಗ್ಗ ಕಟ್ಟಿ ಕೈತೊಳೆದುಕೊಂಡಿದ್ದೀರೋ ನನಗೆ ತಿಳಿಯದು. ಆ ಮನುಷ್ಯ ಏನು ಬರೆದಿದ್ದಾರೆಂಬುದು ನಿಮಗೂ ತಿಳಿಯದು. ತಿಳಿಯದೆಯೇ ಅಳಿಸುತ್ತೀರಿ.

ಸೋಮವಾರದ ಕೆಲಸ ನಿಲ್ಲಿಸಿ. ಆ ಪೆಟ್ಟಿಗೆಯ ಹೊಲಿಗೆ ಬಿಚ್ಚಿ, ಒಂದೊಂದು ಮೇಲನ್ನೂ ಬೇರೆಬೇರೆ ಇಡಿಸಿ. ಅದಕ್ಕೆ ಎಷ್ಟು ದಿನ ಬೇಕೋ ತೆಗೆದುಕೊಳ್ಳಿ. ಆದರೆ ಆ ಹೊಸಬರು ಬರೆದದ್ದನ್ನು ಇವತ್ತೇ ಸಾಲಿನಿಂದ ಕೈಯಾರೆ ತೆಗೆಸಿ ಓದಿ. ನನ್ನ ಗಂಡನದು ಹಿಂದೆ ಇರಲಿ, ಎಲ್ಲಕ್ಕಿಂತ ಕೊನೆಗೆ ಬರಲಿ. ಅವರಿಗೆ ಇನ್ನು ಯಾರ ಅನುಮತಿಯೂ ಬೇಕಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಮೃತರ ವಾರಸುದಾರಳು,
ಮನೆಯಲ್ಲಿ ಇನ್ನೂ ಅವರಿಗೆ ಉತ್ತರ ಬರೆಯುತ್ತಿರುವವಳು