ಬೆನ್ಸನ್ ಟೌನಿನ ಕಾರು

ಸಿದ್ದು,

ಇದನ್ನ ನಿಂಗೆ ಕಳಿಸಲ್ಲ, ಆದ್ರೂ ನಿಂಗೇ ಹೇಳ್ಬೇಕು. ಹತ್ತು-ಹದಿನೈದು ವರ್ಷ ಕೈಕೊಡದೆ ಓಡೋ ಕಾರು ಹುಡುಕ್ತಿದೀನಿ. ಇವತ್ತು ಬೆನ್ಸನ್ ಟೌನಲ್ಲಿ ಹಬೀಬ್ ಅನ್ನೋ ವಯಸ್ಸಾದವರೊಬ್ಬರ ಹಳೇ ಕಾರು ನೋಡೋಕೆ ಹೋಗಿದ್ದೆ.

ನಾನು ಬಾಯಿ ಬಿಡೋಕೆ ಮುಂಚೇನೇ ಅವರು ಶುರು ಮಾಡಿದ್ರು. "ನೋಡಮ್ಮಾ, ಎಡಗಡೆ ಬಾಗಿಲಿಗೆ ಪೇಂಟ್ ಮಾಡಿಸಿದೀನಿ. ನಾನೇ ಗೇಟಿಗೆ ಉಜ್ಜಿಬಿಟ್ಟಿದ್ದೆ. ಬೇರೆ ಏನೂ ಆಗಿಲ್ಲ."

ಹಲಸೂರಿಂದ ನಾನೇ ಕರ್ಕೊಂಡು ಹೋಗಿದ್ದ ಮೆಕ್ಯಾನಿಕ್ ಗಾಡಿ ಕೆಳಗೆಲ್ಲ ತೂರಿ ನೋಡ್ದ. "ಕಣ್ಮುಚ್ಕೊಂಡು ತಗೊಳ್ಳಿ ಮೇಡಂ" ಅಂದ. ಅಲ್ಲೇ ನಂಗೆ ಅನುಮಾನ ಬಂತು. ಇಬ್ರೂ ಮೊದ್ಲೇ ಮಾತಾಡ್ಕೊಂಡಿದಾರಾ? ಕೇಳ್ದೇ ಇದ್ರೂ ತಪ್ಪು ಹೇಳ್ಕೊಳ್ಳೋ ಮನುಷ್ಯ, ಅದಕ್ಕಿಂತ ದೊಡ್ಡದೇನನ್ನ ಮುಚ್ಚಿಡ್ತಿದಾನೆ? ಬೇಡ ಅಂದ್ಬಿಟ್ಟೆ.

ಹಬೀಬ್ ಸಾಹೇಬ್ರು ರೇಗಲಿಲ್ಲ. ಕೀ ಜೇಬಿಗೆ ಹಾಕ್ಕೊಂಡು, "ಇನ್ನೇನು ತೋರಿಸ್ಬೇಕಮ್ಮಾ ನಾನು?" ಅಂದ್ರು, ಅಷ್ಟೇ.

ಲಿಂಗರಾಜಪುರದ ಮನೆ ತಲುಪೋವರೆಗೂ ಆಟೋದಲ್ಲಿ ಅದೇ ಮಾತು ಕಿವೀಲಿತ್ತು. ನೀನು ಮನೆ ಬಿಟ್ಟು ಹೋದ ದಿನ, ಬೇರೆ ಯಾರೋ ಇದಾಳೆ ಅಂತ ನಾನು ಜಗಳ ತೆಗೆದಾಗ, ನಿನ್ನ ಫೋನ್ ಲಾಕ್ ತೆಗೆದು ನನ್ನ ಕೈಗಿಟ್ಟು ನೀನು ಕೇಳಿದ್ದೂ ಇದನ್ನೇ.

ಆ ಫೋನಲ್ಲಿ ಏನೂ ಸಿಗಲಿಲ್ಲ ಸಿದ್ದು. ಅದಕ್ಕೇ ನಾನು ನಂಬಲಿಲ್ಲ.