ಬಟ್ಟೆ ಕ್ಲಿಪ್ಪು ಹಾಕಿದ ಪೊದೆ

ಜೂನ್ ೧೩, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಇನ್ನೂ ಇದ್ದಾಳೆ, ನಮಸ್ಕಾರ ಹೇಳುತ್ತಿದ್ದಾಳೆ. ಉತ್ತರ ಬರೆಯಲು ಇಷ್ಟು ತಡಮಾಡಿದ್ದಕ್ಕೆ ನಾಲ್ಕು ಮಾತು ಬೈದುಬಿಡು. "ಮಗೂಗೆ ಓರಗೆಯವರು ಬೇಡ್ವೇನೇ?" ಎಂದು ಕೇಳಿದ್ದೆಯಲ್ಲ, ಅದಕ್ಕೇನು ಬರೆಯಲಿ ಎಂದು ತೋಚದೆ ಪೆನ್ನು ಹಿಡಿಯುವುದು, ಇಡುವುದು, ಇದೇ ಆಯಿತು.

ನಾವೆಲ್ಲ ಕ್ಷೇಮ. ನಿದ್ದೆ ಮಾತ್ರ ನನ್ನ ಮೇಲೆ ಮುನಿಸಿಕೊಂಡಿದೆ. ಶಾಲೆಯ ಮೆಟ್ಟಿಲಲ್ಲಿ ನಮ್ಮ ಚೂಟಿ ಬಿದ್ದು, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದಾಗಿನಿಂದ ಹೀಗೇ. ಆಮೇಲೆ ಅವಳನ್ನು ಶಾಲೆ ಬಿಡಿಸಿ ನಾನೇ ಮನೆಯಲ್ಲಿ ಪಾಠ ಹೇಳುತ್ತಿರುವುದು ನಿನಗೆ ಗೊತ್ತೇ ಇದೆ. ಹಿತ್ತಲೇ ನಮ್ಮ ತರಗತಿ. ಮೊದಲು ಕಣ್ಣಿಂದ ನೋಡಬೇಕು, ಆಮೇಲೆ ಪ್ರಶ್ನೆ, ಪುಸ್ತಕ ಕೊನೆಗೆ. ಕಲ್ಲೆತ್ತಿ ಎರೆಹುಳ ಹುಡುಕುತ್ತೇವೆ, ಬಸವನಹುಳಕ್ಕೆ ಎಲೆಕೋಸಿನ ಚೂರಿಟ್ಟು ಕಾಯುತ್ತೇವೆ. ಲಿಫ್ಟ್ ರಿಪೇರಿ ಮುಗಿಸಿ ಬರುವ ಇವರು ಬಾಗಿಲಲ್ಲೇ ನಿಂತು, "ಟೀಚರಮ್ಮಾ, ಹುಳಗಳೆಲ್ಲ ಹಾಜರಾ? ಗಂಡನ ಹಾಜರೀನೂ ಹಾಕ್ಕೊಂಡು ಒಂದ್ ಲೋಟ ಚಹಾ ಕೊಡಿ," ಎಂದು ಕಾಲೆಳೆಯುತ್ತಾರೆ.

ಹೋದ ವಾರ ದಾಸವಾಳದ ಪೊದೆಯಲ್ಲಿ ಒಂದು ಗೂಡು ಸಿಕ್ಕಿತು. ಮೂರು ಮರಿ. ಮೈಯೆಲ್ಲ ಬೋಳು, ತೆರೆದ ಬಾಯಿ ಮಾತ್ರ ಹಳದಿ. ಚೂಟಿ ಅಲ್ಲಿಂದ ಅಲುಗಲಿಲ್ಲ. ಬಿಸಿಲಲ್ಲಿ ಮಗು ಬಾಡೀತು ಎಂದು ನಾನೊಂದು ಜಾಣತನ ಮಾಡಿದೆ. ಅಡುಗೆಮನೆಯ ಕಿಟಕಿಯಿಂದಲೇ ಗೂಡು ಕಾಣಲಿ ಎಂದು, ಅಡ್ಡವಿದ್ದ ರೆಂಬೆಗಳನ್ನು ಹಿಂದಕ್ಕೆಳೆದು ಬಟ್ಟೆ ಕ್ಲಿಪ್ಪು ಹಾಕಿದೆ. ತಾಯಿಹಕ್ಕಿ ಕಿರುಚಾಡಿತು.

"ಅದಕ್ಕೆ ಇಷ್ಟ ಇಲ್ಲಮ್ಮಾ," ಎಂದಳು ಚೂಟಿ.

"ಅಭ್ಯಾಸ ಆಗತ್ತೆ ಬಿಡೇ," ಎಂದೆ.

ನಮಗೆ ಕಂಡದ್ದು ಕಾಗೆಗೂ ಕಂಡಿತು. ಮಂಗಳವಾರ ಬೆಳಿಗ್ಗೆ ನೋಡಿದರೆ ಗೂಡು ಒಂದು ಕಡೆ ಜೋತುಬಿದ್ದಿದೆ, ಒಳಗೆ ಏನೂ ಇಲ್ಲ. ನನಗೆ ಅಳು ಬರಲಿಲ್ಲ ಅಕ್ಕಾ. ಮೊದಲು ಮಾಡಿದ ಕೆಲಸ, ಆ ಕ್ಲಿಪ್ಪುಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿ ಮುಚ್ಚಿದ್ದು. ಕಳ್ಳಿಯ ಹಾಗೆ. ಹಲ್ಲುಜ್ಜುತ್ತಾ ಬಂದ ಮಗುವಿಗೆ, "ರೆಕ್ಕೆ ಬಲಿತು ಹಾರಿಹೋದ್ವು ಕಂದಾ," ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮೂರೂನಾ?"

"ಮೂರೂ."

ಬಾಯಿ ಮುಕ್ಕಳಿಸಿ ಬಂದವಳೇ, ಆಕಾಶದಲ್ಲಿ ಹಾರುವ ಹಕ್ಕಿಗಳ ಚಿತ್ರ ಬರೆದುಕೊಟ್ಟಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಹಾಲು ತೆಗೆಯಲು ಹೋದಾಗಲೆಲ್ಲ ತಲೆ ತಗ್ಗಿಸುತ್ತೇನೆ.

ಕಣ್ಣಾರೆ ಕಂಡದ್ದನ್ನೇ ಹೇಳಬೇಕು ಎಂದು ದಿನಾ ಪಾಠ ಮಾಡುವವಳು ನಾನು! ನಿಜ ಹೇಳಿಬಿಡಲೇ? ನನ್ನಿಂದಲೇ ಸತ್ತವು ಎಂದು ಹೇಗೆ ಹೇಳಲಿ? ಇನ್ನು ಯಾವ ಪೊದೆ ತೋರಿಸಿದರೂ ಮಗು ನನ್ನನ್ನು ನಂಬೀತೇ? ನಿನಗೆ ತೋಚಿದ್ದನ್ನು ಬರೆ, ಬೈದಾದರೂ ಬರೆ.

ಭಾವನಿಗೆ ನಮಸ್ಕಾರ, ಹುಡುಗರಿಗೆ ಚಿಕ್ಕಮ್ಮನ ಮುತ್ತು. ನಿನ್ನ ಮಂಡಿನೋವು ಬೇಗ ವಾಸಿಯಾಗಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ತಂಗಿ

ಕವರು ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಈಗಷ್ಟೇ ಇವರು ಕೆಲಸಕ್ಕೆ ಹೊರಟವರು ಶೂ ಲೇಸು ಕಟ್ಟುತ್ತಾ ಹೇಳಿದರು. ಕಾಗೆ ಬಂದದ್ದನ್ನು ಚೂಟಿ ಬಚ್ಚಲ ಕಿಟಕಿಯಿಂದ ನೋಡಿದ್ದಳಂತೆ. "ಅಮ್ಮಂಗೆ ಹೇಳ್ಬೇಡಪ್ಪಾ. ಅವಳು ಅಳಬಾರ್ದು ಅಂತಾನೇ ನಾನು ಹಾರೋ ಹಕ್ಕಿ ಬರ್ದಿದ್ದು," ಎಂದಳಂತೆ. ಮತ್ತೆ ಶಾಲೆಗೆ ಹೋಗ್ತೀಯಾ ಎಂದು ಇವರು ಕೇಳಿದರೆ, "ಆಸೆ ಇದೆ. ಆದ್ರೆ ನಾನು ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?" ಅಂದಳಂತೆ. ಏಳು ವರ್ಷದ ಕೂಸು ಅಕ್ಕಾ ಅದು! ಈಗ ಹಿತ್ತಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದಾಳೆ. ಗಳಿಗೆಗೊಮ್ಮೆ ಎದ್ದು ಬಂದು, ಬಾಗಿಲಲ್ಲಿ ಇಣುಕಿ, ನಾನು ಇಲ್ಲೇ ಇದ್ದೇನೆಯೇ ಎಂದು ನೋಡಿ ಹೋಗುತ್ತಾಳೆ.